ದಡದಲ್ಲಿ ಒಬ್ಬರು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಹರಿಹರ ಮಾಸ್ತರರೇ, ಮೀನುಬುಟ್ಟಿಯನ್ನು ಕಾಲಬುಡದಲ್ಲಿಟ್ಟುಕೊಂಡೇ ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ಅಕ್ಕಂದಿರೇ, ಭಟ್ಕಳದ ಸಮಸ್ತ ಸಭಿಕರೇ,

‘ಯುದ್ಧದಲ್ಲಿ ವಿಮಾನ ಹಾರಿಸಿದ ವೀರವನಿತೆ ಬೆಳ್ಳಿ’ ಎಂದು ಇಲ್ಲಿ ಬಟ್ಟೆ ಕಟ್ಟಿದ್ದೀರಿ. ಹಾರಿಸಿದವರು ಬೇರೆ. ನಾನು ವಿಮಾನದ ಹಿಂಭಾಗದಲ್ಲಿ ಗಾಯಾಳುಗಳ ಜೊತೆಗಿದ್ದ ಮಿಲಿಟರಿ ನರ್ಸು. ನಮ್ಮ ಹೆಂಗಸರ ಕೈಗೆ ಇನ್ನೂ ಯುದ್ಧವಿಮಾನ ಕೊಟ್ಟಿಲ್ಲ. ಕೊಟ್ಟ ದಿನ ಬೇಕಾದೀತು, ಬಟ್ಟೆಯನ್ನು ಜೋಪಾನವಾಗಿ ಮಡಿಸಿಡಿ.

ಕಳೆದ ತಿಂಗಳು, ಈ ಎಪ್ಪತ್ತೊಂದರ ಯುದ್ಧದಲ್ಲಿ, ಪೂರ್ವದ ಗಡಿಯಿಂದ ಗಾಯಗೊಂಡ ಸೈನಿಕರನ್ನು ಹೊತ್ತು ಹೊರಟ ನಮ್ಮ ವಿಮಾನದ ಒಂದು ಎಂಜಿನ್ ದಾರಿಯಲ್ಲೇ ಹೊಗೆ ಕಾರಿ ನಿಂತಿತು. ಸ್ಟ್ರೆಚರಿನಲ್ಲಿದ್ದ ಒಬ್ಬ ನನ್ನ ತೋಳು ಹಿಡಿದು, ‘ಸಿಸ್ಟರ್, ನೆಲ ಮುಟ್ಟುತ್ತೇವಾ?’ ಎಂದ. ನನಗೇನು ಗೊತ್ತು? ‘ಮುಟ್ಟುತ್ತೇವೆ’ ಎಂದೆ. ಹೆದರಿರಲಿಲ್ಲವೇ? ಹೆದರಿದ್ದೆ ಸ್ವಾಮಿ. ಅಂತೂ ವಿಮಾನ ಧಡಾರನೆ ಇಳಿಯಿತು. ಎಲ್ಲರೂ ಬದುಕಿದ್ದರು. ರೆಕ್ಕೆಯ ನೆರಳಲ್ಲಿ ಕೂತು ನಾನು ಹುಚ್ಚಿಯ ಹಾಗೆ ನಕ್ಕೆ. ಆಮೇಲೆ ಅನ್ನಿಸಿತು, ನನಗಾಗಿ ದಡದಲ್ಲಿ ಯಾರಿದ್ದಾರೆ?

ಇಲ್ಲೇ ಪಕ್ಕದ ಊರು ತೆಂಗಿನಗುಂಡಿಯ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಉಂಟು. ಒಬ್ಬರು ನೀರಿನ ಮೇಲಿದ್ದರೆ ಇನ್ನೊಬ್ಬರು ದಡದಲ್ಲಿ ಕಾಯಬೇಕು. ನನ್ನ ಅಪ್ಪ, ಮೀನು ಹಿಡಿಯುವ ಮಾಸ್ತಿ, ದೋಣಿ ಹತ್ತಿದರೆ ಅಮ್ಮ ಕಾಯುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ನಾನು ಕಾದೆ. ನಾನು ಕೆಲಸಕ್ಕೆ ಹೋದ ಮೇಲೆ ಪಕ್ಕದ ಮನೆಯ ಲಕ್ಕಿಯಕ್ಕ ಕಾದಳು. ಕಾಯುವುದು ಹೆಂಗಸರ ಕೆಲಸವೆಂದೇ ನಾವೆಲ್ಲ ತಿಳಿದಿದ್ದೆವು.

ನಿನ್ನೆ ಸಂಜೆ ಊರಿಗೆ ಬಂದಾಗ ಲಕ್ಕಿಯಕ್ಕ ಹೇಳಿದಳು. ಯುದ್ಧ ಶುರುವಾದಂದಿನಿಂದ ಅಪ್ಪ ದೋಣಿಯನ್ನು ನೀರಿಗೇ ಇಳಿಸಿಲ್ಲವಂತೆ. ಯುದ್ಧ ಮುಗಿಯಿತೆಂದು ರೇಡಿಯೋ ಹೇಳಿದರೂ, ಮಗಳು ಬರಲಿ ಎಂದನಂತೆ. ಅವರಿವರ ಬಲೆ ಹೊಲಿದುಕೊಟ್ಟು ದಿನ ದೂಡಿ, ಸಂಜೆ ಕಾಯುವ ಹೆಂಗಸರ ನಡುವೆ ಹೋಗಿ ನಿಲ್ಲುತ್ತಿದ್ದನಂತೆ. ನಾನಿದ್ದದ್ದು ಪೂರ್ವದಲ್ಲಿ, ಅಪ್ಪ ನೋಡುತ್ತಿದ್ದದ್ದು ಪಶ್ಚಿಮಕ್ಕೆ!

‘ಎಂತ ಮಾಸ್ತಿಯಣ್ಣ, ವಿಮಾನದಲ್ಲಿ ಹೋದ ಮಗಳು ಸಮುದ್ರದಿಂದ ಬತ್ತದ್ಯಾ?’ ಎಂದು ಲಕ್ಕಿಯಕ್ಕ ನಕ್ಕರೆ, ‘ಕಾಯೂಕೆ ಬೇರೆ ಜಾಗ ನಂಗೊತ್ತಿಲ್ಲ’ ಎಂದನಂತೆ.

ದಡಕ್ಕೆ ಓಡಿದೆ. ಅಪ್ಪನ ಬೆನ್ನು ಕಂಡಿತು. ಕೂಗಲೇ? ಕಡಲಿಗೆ ಮುಖ ಮಾಡಿ ನಿಂತವರನ್ನು ಹಿಂದಿನಿಂದ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಬಳಸಿಕೊಂಡು ಹೋಗಿ, ಬೂಟು ಸಮೇತ ಮೊಣಕಾಲುದ್ದ ನೀರಿಗಿಳಿದು ಎದುರಿಗೆ ನಿಂತೆ. ಅಪ್ಪ ಅಡಿಯಿಂದ ಮುಡಿಯವರೆಗೆ ನೋಡಿದ. ‘ಬಂದ್ಯಾ, ಮಗಾ? ಆತು. ನಾಳೆ ದೋಣಿ ಇಳಿಸ್ತೆ’ ಎಂದ. ವಿಮಾನ ನೆಲ ಮುಟ್ಟಿದಾಗಲೂ ಇಳಿಯದ ಎದೆಯ ಭಾರ ನನಗೆ ಆಗ ಇಳಿಯಿತು.

ತಂದೆಯವರನ್ನೇಕೆ ಕರೆತರಲಿಲ್ಲ ಎಂದು ಅಧ್ಯಕ್ಷರು ಕೇಳಿದರು. ಅಪ್ಪ ಇವತ್ತು ಮುಂಜಾನೆಯೇ ಕಡಲಿಗೆ ಹೋದ. ಈ ಶಾಲಿಗೆ, ಈ ಹಾರಕ್ಕೆ, ನಿಮ್ಮೆಲ್ಲರ ಪ್ರೀತಿಗೆ ನಾನು ಋಣಿ. ಊಟಕ್ಕೆ ನಿಲ್ಲಲಾರೆ, ಮನ್ನಿಸಿ. ಹೊತ್ತು ಇಳಿಯುತ್ತಿದೆ, ನಾನು ದಡಕ್ಕೆ ಹೋಗಬೇಕು. ನಮಸ್ಕಾರ.