ಕಾಲಿನಿಂದ ಬಾರಿಸುವ ಪೇಟಿ

ಪಾಮರ್ಸ್ಟನ್ ನಾರ್ತ್ ಕನ್ನಡ ಬಳಗದ ಅಧ್ಯಕ್ಷೆ ಶ್ರೀಮತಿ ರತ್ನಪ್ರಭಾ ಅವರೇ, ಇಂದಿನ ಸನ್ಮಾನಿತರಾದ ಶ್ರೀ ಎತಿಯೆನ್ ದ ರೋಶ್‌ವಾಲ್ ಅವರೇ, ನಮ್ಮ ಕನ್ನಡ ಶಾಲೆಗೆ ಹನ್ನೊಂದು ವರ್ಷ ಜಾಗ ಕೊಟ್ಟ ಈ ಚರ್ಚಿನ ಹಿರಿಯರೇ, ತಕಾನಿನಿಯಿಂದ ಆರು ಗಂಟೆ ಕಾರು ಓಡಿಸಿಕೊಂಡು ಬಂದ ಬಂಧುಗಳೇ, ಬೆಂಚು ಗಟ್ಟಿಯಾಗಿದ್ದರೂ ಮುಖ ಗಂಟಿಕ್ಕದೆ ಕುಳಿತಿರುವ ಸಭಿಕರೇ,

ಸನ್ಮಾನಿತರನ್ನು ಪರಿಚಯಿಸಲು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಈ ಬಸವನ ಕೈಗೆ ಮೈಕು ಸಿಕ್ಕರೆ ಊಟ ಆರಿಹೋಗುತ್ತದೆ ಎಂದು ಅಧ್ಯಕ್ಷರಿಗೆ ಗೊತ್ತಿದೆ.

ನಮ್ಮ ಮಕ್ಕಳು ಇವರನ್ನು ಕೌಂಟ್ ಅಂಕಲ್ ಎನ್ನುತ್ತಾರೆ. ಅದು ಅಡ್ಡಹೆಸರಲ್ಲ, ಫ್ರಾನ್ಸಿನ ಸರದಾರ ಮನೆತನದ ಬಿರುದು. ನಮ್ಮ ಕಡೆ ದೇಸಾಯರ ವಾಡೆ ಎನ್ನುತ್ತೇವಲ್ಲ, ಅಂಥ ನಲವತ್ತು ಕೋಣೆಗಳ ಮನೆಯಲ್ಲಿ ಹುಟ್ಟಿದವರು. ಮನೆಯೊಳಗೇ ಒಂದು ಪ್ರಾರ್ಥನಾ ಮಂದಿರ, ಅದರಲ್ಲೊಂದು ಆರ್ಗನ್. ಹುಡುಗ ಅದರ ಮುಂದಿನಿಂದ ಏಳುತ್ತಿರಲಿಲ್ಲವಂತೆ. ನಮ್ಮ ಮನೆತನದವರು ಸಂಗೀತ ಕೇಳುತ್ತಾರೆ, ಬಾರಿಸುವುದು ಆಳುಗಳ ಕೆಲಸ ಎಂದರು ತಂದೆ. ಇಪ್ಪತ್ತೆರಡನೇ ವಯಸ್ಸಿಗೆ ಇವರು ಒಂದು ಊರಿನ ಚರ್ಚಿನಲ್ಲಿ ಆರ್ಗನ್ ಬಾರಿಸುವ ನೌಕರಿ ಹಿಡಿದರು. ವಾಡೆಯ ಬಾಗಿಲು ಮುಚ್ಚಿತು, ಮತ್ತೆ ತೆರೆಯಲಿಲ್ಲ.

ಒಂದು ವರ್ಷಕ್ಕೆಂದು ಈ ಚರ್ಚಿನ ಆರ್ಗನ್ ಬಾರಿಸಲು ಈ ಊರಿಗೆ ಬಂದವರು ನಲವತ್ಮೂರು ವರ್ಷ ಉಳಿದರು. ಡೈರಿ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ವಾಸ. ಈ ಸಪಾಟು ರಸ್ತೆಗಳಲ್ಲಿ ಸೈಕಲ್ಲು. ಎರಡು ದೊಡ್ಡ ಪ್ರಾರ್ಥನಾ ಸಂಗೀತ, ನೂರಾರು ಹಾಡಿನ ಧಾಟಿ, ಎಲ್ಲವನ್ನೂ ಚರ್ಚಿನ ವಾರದ ಹಾಳೆಗಳ ಹಿಂಬದಿಯಲ್ಲಿ ಬರೆದರು. ಈ ಗೋಡೆಗಳಾಚೆ ಅದನ್ನು ಯಾರು ಕೇಳಿದ್ದಾರೆ? ಯಾರೂ ಇಲ್ಲ. ಅದರಿಂದ ಇವರಿಗೆ ಏನಾದರೂ ಕಡಿಮೆಯಾಯಿತೇ? ನಾನು ಇಲ್ಲಿ ವಿದ್ಯಾರ್ಥಿಯಾಗಿದ್ದಾಗ ನನ್ನ ಮನೆ ಮಾಲಕಿ, ಒಬ್ಬ ಮುದುಕಿ, ತೀರಿಕೊಂಡಳು. ಅಂತ್ಯಕ್ರಿಯೆಗೆ ಬಂದವರು ಮೂವರೇ. ಆ ಮೂವರಿಗಾಗಿ ಇವರು ಹಿಂದಿನ ದಿನ ಕುಳಿತು ಹೊಸ ಸಂಗೀತ ಬರೆದು ತಂದಿದ್ದರು. ಬಾರಿಸಿದಾಗ ನನ್ನ ಅಂಗಾಲಿನ ಕೆಳಗೆ ನೆಲ ನಡುಗಿತು. ನಾನು ಆವತ್ತು ಬೆರಗಾದವನು, ಇನ್ನೂ ಚೇತರಿಸಿಕೊಂಡಿಲ್ಲ.

ಎರಡು ವರ್ಷದ ಹಿಂದೆ ನನ್ನ ಅಪ್ಪ ವೀರಭದ್ರಪ್ಪನವರು ಗದಗಿನಿಂದ ನನ್ನ ಮನೆಗೆ ಬಂದರು. ಅದೋ ಮೂರನೇ ಬೆಂಚಿನಲ್ಲಿ, ಬಿಳಿ ಟೋಪಿಯವರು. ಅವರನ್ನು ಇಲ್ಲಿಗೆ ಕರೆತಂದೆ. ಕೌಂಟ್ ಅಂಕಲ್ ಕೈಗಳಿಗಿಂತ ಜೋರಾಗಿ ಕಾಲುಗಳನ್ನು ಆಡಿಸುತ್ತಿದ್ದರು. ಆರ್ಗನ್ನಿಗೆ ಕೆಳಗೂ ಸ್ವರದ ಮನೆಗಳಿವೆ, ಕಾಲಿನಿಂದ ಒತ್ತುವವು.

ಅಪ್ಪ ಹೌಹಾರಿದರು. "ಅಲ್ಲೋ ಬಸ್ಯಾ, ಅಂವ ಪೇಟಿನ್ನ ಕಾಲಿಲೆ ಬಾರಸಾಕತ್ತಾನಲ್ಲೋ."

ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತೇವೆ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಅಪ್ಪ ಭಜನೆಗೆ ಪೇಟಿ ತೆರೆಯುವ ಮೊದಲು ಅದಕ್ಕೆ ಹಣೆ ಹಚ್ಚುತ್ತಿದ್ದವರು. ಸಂಗೀತ ಮುಗಿಯಿತು. ಕೌಂಟ್ ಅಂಕಲ್ ತೆಳು ಅಟ್ಟೆಯ ಕರಿ ಬೂಟು ಕಳಚಿ, ಒರೆಸಿ, ಬಟ್ಟೆಯ ಚೀಲದಲ್ಲಿಟ್ಟು, ಬೇರೆ ಬೂಟು ಹಾಕಿಕೊಂಡರು. ಅಪ್ಪ ಬಹಳ ಹೊತ್ತು ಆ ಚೀಲವನ್ನೇ ನೋಡಿದರು.

"ಆ ಬೂಟು ಬೀದಿ ಕಂಡಿಲ್ಲೋ," ಎಂದರು. "ಮಡೀಲೆ ಇಟ್ಟಾನ."

ಅಂದಿನಿಂದ ಪ್ರತಿ ಭಾನುವಾರ ಅಪ್ಪ ಇಲ್ಲೇ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ನಾನು ದುಭಾಷಿ. ನಿಮ್ಮ ತಂದೆ ಸಂಗೀತಗಾರರೇ ಎಂದು ಅಂಕಲ್ ಕೇಳಿದರು. ಬಾರಿಸುತ್ತಿದ್ದರು ಎಂದೆ. ಈಗ ಯಾಕಿಲ್ಲ ಎಂದರು.

ಇಲ್ಲಿಂದ ಮುಂದಿನದು ನನ್ನ ಚೀಟಿಯಲ್ಲಿಲ್ಲ. ಅಧ್ಯಕ್ಷರು ಕ್ಷಮಿಸಬೇಕು.

ನಾನು ಪಿಯುಸಿ ಫೇಲಾದ ದಿನ ಮನೆಯಲ್ಲಿ ಭಜನೆ ನಡೆದಿತ್ತು. ಓದಲು ಬಿಡದೆ ನನ್ನನ್ನು ಹಾಳು ಮಾಡಿದ್ದೇ ಈ ಪೇಟಿ ಎಂದು ಹತ್ತು ಜನರೆದುರು ಅದನ್ನು ಒದ್ದೆ. ತಾಗಿದ್ದಲ್ಲ ಸಭಿಕರೇ, ಒದ್ದೆ. ಗಾಳಿ ಊದುವ ತಿದಿ ಹರಿಯಿತು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಧೋತರದ ಅಂಚಿನಿಂದ ಪೇಟಿಯ ಮೇಲಿನ ನನ್ನ ಹೆಜ್ಜೆ ಒರೆಸಿ, ಬಟ್ಟೆ ಸುತ್ತಿ ಅಟ್ಟಕ್ಕಿಟ್ಟರು. ಇಪ್ಪತ್ತಾರು ವರ್ಷವಾಯಿತು. ನಾನು ಒಮ್ಮೆಯೂ ಕ್ಷಮೆ ಕೇಳಲಿಲ್ಲ. ನಾಚಿಕೆಯಿಂದ ಕೇಳಲಿಲ್ಲ, ಆಮೇಲೆ ತಡವಾಯಿತೆಂದು ಕೇಳಲಿಲ್ಲ.

ಇದನ್ನೆಲ್ಲ ಕೌಂಟ್ ಅಂಕಲ್‌ಗೆ ಹೇಳಿದೆ. ಅಪ್ಪ ಪಕ್ಕದಲ್ಲೇ ಇದ್ದರು. ಇಂಗ್ಲಿಷಿನಲ್ಲಿ ಹೇಳಿದ್ದರಿಂದಲೇ ಧೈರ್ಯ ಬಂದದ್ದು. ಅಂಕಲ್ ಹೇಳಿದ್ದಿಷ್ಟೇ. "ನಾನು ಬಾರಿಸಿದ್ದನ್ನು ನನ್ನ ತಂದೆ ಒಮ್ಮೆಯೂ ಕೇಳಲಿಲ್ಲ. ನಿನ್ನ ತಂದೆ ಇಲ್ಲೇ ಕುಳಿತಿದ್ದಾರೆ. ಯಾವುದಕ್ಕೆ ಕಾಯುತ್ತಿದ್ದೀಯ?"

ಕಳೆದ ತಿಂಗಳು ನಾನು ಊರಿಗೆ ಹೋದದ್ದು ಆಫೀಸಿನ ಕೆಲಸಕ್ಕಲ್ಲ, ಅಪ್ಪಾ. ಅಟ್ಟದ ಪೇಟಿ ಇಳಿಸಿ, ಹುಬ್ಬಳ್ಳಿಯಲ್ಲಿ ಹೊಸ ತಿದಿ ಹಾಕಿಸಿ ತಂದಿದ್ದೇನೆ. ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಹುಳು ಹುಪ್ಪಡಿ ನೋಡುವ ಅಧಿಕಾರಿ ಟಾರ್ಚು ಬಿಟ್ಟು, ಇದರೊಳಗೆ ಜೀವ ಇರುವುದೇನಾದರೂ ಇದೆಯೇ ಎಂದ. ಇಲ್ಲ ಎಂದೆ. ಸುಳ್ಳು ಹೇಳಿದೆ ಅನ್ನಿಸುತ್ತದೆ.

ಸಭಿಕರೇ, ಶಾಲು ಎಲ್ಲಿ ಎಂದು ಅಧ್ಯಕ್ಷರು ಬೆಳಗಿನಿಂದ ಹುಡುಕುತ್ತಿದ್ದಾರೆ. ಮೇಜಿನ ಕೆಳಗೆ ಪೇಟಿಗೆ ಹೊದಿಸಿದ್ದೇನೆ. ಕೌಂಟ್ ಅಂಕಲ್ ತಮಗೆ ಶಾಲು ಬೇಡ ಎಂದರು. ಅವರ ಕೈಬೆರಳುಗಳು ಈಗ ಮಡಚುವುದಿಲ್ಲ, ಇವತ್ತು ಆರ್ಗನ್ ಮುಂದೆ ಅವರ ನೌಕರಿಯ ಕಡೆಯ ದಿನ. ಬರಿಯ ಕಾಲಿಗೆಂದು ಒಂದು ಸಂಗೀತ ಬರೆದಿದ್ದಾರೆ. ಮೇಲಿನ ಸಾಲು ಖಾಲಿ ಬಿಟ್ಟಿದ್ದಾರೆ. ಕಾಲು ನನ್ನದು, ಕೈ ವೀರಭದ್ರಪ್ಪನವರದು ಎಂದಿದ್ದಾರೆ.

ಅಪ್ಪಾ, ತಪ್ಪಾತು. ಬಾರಸೂದು ಬಿಡೂದು ನಿಮಗ ಬಿಟ್ಟದ್ದು.

ನೀವು ಏಳಬೇಡಿ ಅಪ್ಪಾ, ನಾನೇ ಬರುತ್ತೇನೆ. ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ, ನಮಸ್ಕಾರ. ಮೂರನೇ ಬೆಂಚಿನವರು ದಯವಿಟ್ಟು ಸ್ವಲ್ಪ ಕಾಲು ಹಿಂದಕ್ಕೆ ತೆಗೆದುಕೊಳ್ಳಿ, ಪೇಟಿ ತರುತ್ತಿದ್ದೇನೆ.