ಮೌನದ ನಿಮಿಷದಲ್ಲಿ ಒಂದು ಕೆಮ್ಮು

ಅಧ್ಯಕ್ಷರ ಕುರ್ಚಿಯಲ್ಲಿರುವ ಶಾಲಾ ಸಮಿತಿಯ ಮೋಹನದಾಸಣ್ಣನವರೇ, ವರ್ಗವಾಗಿ ಹೋಗುತ್ತಿರುವ ಗೆರ್ಟ್ರೂಡ್ ಟೀಚರೇ, ವೇದಿಕೆಯ ಹಿರಿಯರೇ, ಊಟದ ಪರಿಮಳಕ್ಕೆ ಆಗಾಗ ಹಿಂದೆ ತಿರುಗುತ್ತಿರುವ ಸಭಿಕರೇ,

ನಾನು ಹಿತೇಶ್. ಈ ಶಾಲೆಯ ಹಳೆ ವಿದ್ಯಾರ್ಥಿ ಎಂದು ಪರಿಚಯಿಸಿದರು. ಏಳನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟವನು ಎಂಬುದನ್ನು ಮರ್ಯಾದೆಗೆ ಹೇಳಲಿಲ್ಲ. ಬಿಜೈಯಲ್ಲಿ ನನ್ನದು ಮೈಕ್ ಸೆಟ್ಟಿನ ಅಂಗಡಿ. ಶಾಲೆ ಬಿಟ್ಟವನ ಕೈಗೆ ಶಾಲೆಯವರು ಮೈಕ್ ಕೊಟ್ಟಿದ್ದೀರಿ. ಮೈಕ್ ನನ್ನದೇ ಎಂಬುದು ಬೇರೆ ಮಾತು.

ಬೆಳಿಗ್ಗೆ ಇಲ್ಲಿ ಯಾವ ಪ್ರಾರ್ಥನೆ ಹಾಡಬೇಕು ಎಂದು ಕಳೆದ ವರ್ಷ ಜಗಳವಾಯಿತು. ಶಾರದೆಯ ಹಾಡು ಬೇಡ ಎಂದರು ಕೆಲವರು, ಅದೇ ಬೇಕು ಎಂದರು ಕೆಲವರು, ನಮ್ಮದೂ ಒಂದಿರಲಿ ಎಂದರು ಮತ್ತೆ ಕೆಲವರು. ಸರಕಾರಿ ಶಾಲೆ ಯಾರ ದೇವರ ಕೋಣೆ? ಕೊನೆಗೆ ಗೆರ್ಟ್ರೂಡ್ ಟೀಚರ್ ಹಾಡು ನಿಲ್ಲಿಸಿ ಒಂದು ನಿಮಿಷದ ಮೌನ ತಂದರು. ಮನಸ್ಸಿನಲ್ಲಿ ಯಾರನ್ನು ಬೇಕಾದರೂ ಕರೆಯಿರಿ ಎಂದರು. ಅದು ನ್ಯಾಯವೇ ಆಗಿತ್ತು.

ಆದರೆ ಮಕ್ಕಳು ಬಾಯಿ ಮುಚ್ಚಿ ನಿಂತ ಮೊದಲ ದಿನವೇ ಹೆಂಚಿನ ಮಾಡಿಗೆ ಕಟ್ಟಿದ ಹಾರ್ನ್ ಸ್ಪೀಕರಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ಹಳೆಯ ಹಾಡಿನ ಮೊದಲ ಸಾಲು. ಅಷ್ಟೇ. ಮತ್ತೆ, ಯಾರನ್ನೋ ಕಾಯುವ ಹಾಗೆ, ನಿಶ್ಶಬ್ದ.

ಟೀಚರ್ ಕದ್ದು ರೆಕಾರ್ಡಿಂಗ್ ಹಾಕಿ ಮಕ್ಕಳನ್ನು ಹೆದರಿಸುತ್ತಾರೆ ಎಂದು ದೂರು ಹೋಯಿತು. ಅದಕ್ಕೇ ಈ ವರ್ಗಾವಣೆ, ಅದಕ್ಕೇ ಈ ಹಾರ. ನಾಳೆ ವಿಚಾರಣೆಯಲ್ಲಿ, ಶಾಲೆಯ ಮೈಕ್ ನೋಡಿಕೊಳ್ಳುವ ನಾನೂ ಹೌದು, ರೆಕಾರ್ಡಿಂಗೇ ಎಂದರೆ ಅವರ ಕೆಲಸವೇ ಹೋಗುತ್ತದೆ.

ದೂರು ಹೋದ ದಿನವೇ ನಾನು ಆಂಪ್ಲಿಫಯರನ್ನು ಅಂಗಡಿಗೆ ಒಯ್ದೆ. ಹಾರ್ನನ್ನೂ ಇಳಿಸಿದೆ. ಮರುದಿನ ಬೆಳಿಗ್ಗೆ, ಬರಿದಾದ ಅದೇ ಜಾಗದಿಂದ, ಅದೇ ಕೆಮ್ಮು.

ಆ ಕೆಮ್ಮು ನನಗೆ ಗೊತ್ತು. ನಾನು ಇಲ್ಲಿ ಓದುವಾಗ ಇಬ್ಬರು ಮಕ್ಕಳು ಮೈಕಿನ ಮುಂದೆ ನಿಂತು ಒಂದೊಂದು ಸಾಲು ಹಾಡುವುದು ಇಲ್ಲಿನ ಕ್ರಮ. ಮೊದಲ ಸಾಲು ಮೋಹನದಾಸಣ್ಣನ ಮಗಳು ಮೋಕ್ಷಾಳದು, ಎರಡನೆಯದು ನನ್ನದು. ಅವಳಿಗೆ ದಮ್ಮಿನ ಕಾಯಿಲೆ ಇತ್ತು. ಮೈಕಿಗೇ ಕೆಮ್ಮಿ ಹಾಡು ಶುರು ಮಾಡುತ್ತಿದ್ದಳು. ಶಾಲೆಯಿಡೀ ನಗುತ್ತಿತ್ತು, ನಾನೂ.

“ನಗು ಮಾರಾಯ, ನಾಳೆ ನೀನೊಬ್ಬನೇ ಹಾಡ್ಬೇಕಾದೀತು” ಎನ್ನುತ್ತಿದ್ದಳು.

ಆ ಮಳೆಗಾಲದಲ್ಲಿ ಆಸ್ಪತ್ರೆಗೆ ಹೋದವಳು ಮರಳಲಿಲ್ಲ. ಮರುವಾರ ನನ್ನನ್ನು ಒಬ್ಬನನ್ನೇ ಮೈಕಿನ ಮುಂದೆ ನಿಲ್ಲಿಸಿದರು. ಗಣಿತ ಕಷ್ಟವೆಂದು ಶಾಲೆ ಬಿಟ್ಟೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಗಣಿತ ನನಗೆ ಸುಲಭವಿತ್ತು. ಇರಲಿ, ಅದನ್ನು ಹೇಳಲು ನಾನು ಬಂದದ್ದಲ್ಲ.

ನಿನ್ನೆ ಅಧ್ಯಕ್ಷರು ಅಂಗಡಿಗೆ ಬಂದಿದ್ದರು. “ರೆಕಾರ್ಡಿಂಗ್ ಅಂತ ಹೇಳು ಮಾರಾಯ. ಅದಲ್ಲಾಂದ್ರೆ ಅವಳ ಅಮ್ಮನಿಗೆ ನಾನು ಎಂತ ಹೇಳ್ಲಿ?” ಎಂದರು.

ಮೋಹನದಾಸಣ್ಣ, ಕ್ಷಮಿಸಿ. ರೆಕಾರ್ಡಿಂಗ್ ಇಲ್ಲ. ಟೀಚರ್ ಏನೂ ಮಾಡಿಲ್ಲ. ಇಲ್ಲಿ ಹೇಳಿದ್ದನ್ನೇ ನಾಳೆಯೂ ಹೇಳುತ್ತೇನೆ. ನಂಬದವರು ನೋಡಿ, ನನ್ನ ಮೈಕಿನ ಪ್ಲಗ್ಗನ್ನೂ ಕಿತ್ತಿದ್ದೇನೆ, ಕೈಯಲ್ಲಿದೆ. ಇನ್ನು ಟೀಚರರ ಗೌರವಕ್ಕಾಗಿ ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿ ನಿಲ್ಲಿ.

…

ಕೇಳಿತಲ್ಲ? ಬಾಗಿಲ ಹತ್ತಿರ ನೂಕಬೇಡಿ, ಮಕ್ಕಳಿದ್ದಾರೆ. ಮೋಹನದಾಸಣ್ಣ, ನೀವು ಕುಳಿತುಕೊಳ್ಳಿ. ಅವಳ ಸಾಲು ಮುಗಿಯಿತು. ಇಷ್ಟು ದಿನ ನಾನು ಬಾಯಿ ತೆರೆಯಲಿಲ್ಲ. ಅದಕ್ಕೇ ಅವಳು ದಿನಾ ಮೊದಲಿನಿಂದ ಶುರು ಮಾಡುತ್ತಿದ್ದಾಳೆ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ಧನ್ಯವಾದ. ಎರಡನೆಯ ಸಾಲು ನನ್ನದು. ಅವಳು ಕಾಯುತ್ತಿದ್ದಾಳೆ. ನಮಸ್ಕಾರ.