ಎಡಗಡೆಯಿಂದ ಬಂದೆ

ಇದು ಅವರಿವರು ಹೇಳಿದ್ದಲ್ಲ. ನಮ್ಮ ಪಕ್ಕದ ಮನೆ ಲವೋನ್ ಟೊಲೆಫ್ಸನ್‌ಗೆ ಹೋದ ವರ್ಷ ಅಕ್ಟೋಬರಿನಲ್ಲಿ ಆದದ್ದು.

ಗಂಡ ಡುವೇನ್ ತೀರಿಕೊಂಡು ಆಗ ಏಳು ತಿಂಗಳು. ಲವೋನ್ ಒಮ್ಮೆಯೂ ಅತ್ತಿರಲಿಲ್ಲ. ಮಣ್ಣು ಮಾಡುವ ದಿನವೂ ಕಣ್ಣಲ್ಲಿ ಒಂದು ಹನಿ ಇಲ್ಲ. ನಾಲ್ಕನೇ ದಿನಕ್ಕೆ ಚೀಸ್ ಕಾರ್ಖಾನೆಯ ಕೆಲಸಕ್ಕೆ ಹೋದಳು. ಯಾರು ಏನೇ ಕೇಳಲಿ, "ಹೂಂ." ತಟ್ಟೆ ಮುಂದಿಟ್ಟರೆ ತಿನ್ನುವಳು, ಇಡದಿದ್ದರೆ ಕೇಳುವವಳಲ್ಲ. ಡುವೇನನ ಟ್ರಕ್ಕನ್ನು ಮುಟ್ಟದೆ ಬಿಟ್ಟು, ಸಂಜೆ ಕೆಲಸ ಮುಗಿಸಿ ಹಳೇ ರೈಲುದಾರಿಯಲ್ಲಿ ನಡೆದೇ ಮನೆಗೆ ಬರುತ್ತಿದ್ದಳು. ಎರಡು ಮೈಲಿ.

ಹಳಿ ಕಿತ್ತು ಡಾಂಬರು ಹಾಕಿದ ದಾರಿ ಅದು. ಎರಡೂ ಕಡೆ ಹೊಲ ಏರುತ್ತದೆ, ಇಳಿಯುತ್ತದೆ. ದಾರಿ ಮಾತ್ರ ಮಟ್ಟಸ. ನಡೆಯುವವರು ಬಲಕ್ಕಿರಬೇಕು. ಹಿಂದಿನಿಂದ ಬರುವ ಸೈಕಲ್ಲಿನವರು "ಎಡಗಡೆಯಿಂದ ಬಂದೆ" ಅಂತ ಕೂಗಿ ದಾಟಿ ಹೋಗಬೇಕು. ಇಲ್ಲಿ ಮಕ್ಕಳಿಗೂ ಗೊತ್ತಿರುವ ರೀತಿ.

ಅವತ್ತು ದೊಡ್ಡ ಓಕ್ ಮರ ದಾಟುವಷ್ಟರಲ್ಲಿ ಕತ್ತಲಾಗಿತ್ತು. ಒಣಗಿದ ಜೋಳದ ಗರಿ ಸರಸರ ಅನ್ನುತ್ತಿತ್ತು. ಹಿಂದಿನಿಂದ... ಟಿಕ್ ಟಿಕ್ ಟಿಕ್ ಟಿಕ್. ಪೆಡಲ್ ತುಳಿಯದೆ ಸೈಕಲ್ಲನ್ನು ಸುಮ್ಮನೆ ಹೋಗಲು ಬಿಟ್ಟಾಗ ಬರುವ ಸದ್ದು.

"ಎಡಗಡೆಯಿಂದ ಬಂದೆ."

ಹೆಂಗಸಿನ ದನಿ. ದಣಿದ ದನಿ. ಲವೋನ್ ಬಲಕ್ಕೆ ಸರಿದಳು. ಟಿಕ್ ಟಿಕ್ ಹತ್ತಿರ ಬಂತು, ಪಕ್ಕಕ್ಕೆ ಬಂತು... ನಿಂತುಹೋಯಿತು. ಯಾರೂ ದಾಟಲಿಲ್ಲ. ತಿರುಗಿ ನೋಡಿದರೆ ಖಾಲಿ ದಾರಿ.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಇನ್ನೊಬ್ಬರಾಗಿದ್ದರೆ ಆ ದಾರಿ ಬಿಡುತ್ತಿದ್ದರು. ಇವಳಿಗೆ ಹೆದರಿಕೆಯೂ ಹುಟ್ಟಲಿಲ್ಲ. ಶನಿವಾರ ನಾದಿನಿ ಆರ್ಡಿಸ್ ಬಂದಾಗ, ಹಾಲು ಮುಗಿದಿದೆ ಅಂದ ಹಾಗೆ ಇದನ್ನೂ ಹೇಳಿದಳು.

ಆರ್ಡಿಸ್ ನಕ್ಕಳು. "ದಿನವಿಡೀ ಆ ಮಷೀನಿನ ಗದ್ದಲದಲ್ಲಿ ನಿಂತು ನಿನ್ನ ಕಿವಿ ಕೆಟ್ಟಿದೆ ಕಣೇ."

"ಇರಬಹುದು."

ಆ "ಇರಬಹುದು" ಕೇಳಿ ಆರ್ಡಿಸ್‌ಗೆ ನಗು ನಿಂತಿತು. ಸೋಮವಾರ ಕಾರ್ಖಾನೆ ಬಾಗಿಲಿಗೇ ಬಂದು ಕಾದು, ಜೊತೆಗೆ ಹೊರಟಳು. ದಾರಿಯುದ್ದಕ್ಕೂ ಅವಳದೇ ಮಾತು. ಮೊಮ್ಮಗನ ಹಲ್ಲು, ಚರ್ಚಿನ ಊಟದಲ್ಲಿ ಹುರುಳಿಕಾಯಿ ಪಲ್ಯಕ್ಕೆ ಉಪ್ಪು ಹೆಚ್ಚಾದದ್ದು...

ಓಕ್ ಮರ ದಾಟಿದರು. ಟಿಕ್ ಟಿಕ್ ಟಿಕ್.

ಆರ್ಡಿಸ್‌ಳ ಮಾತು ನಡುವೆಯೇ ನಿಂತಿತು. ಲವೋನಳ ತೋಳು ಹಿಡಿದುಕೊಂಡಳು. ಪಿಸುಗುಟ್ಟಿದಳು: "ಕೇಳ್ತಾ?"

"ಹೂಂ."

"ಮಟ್ಟಸ ದಾರಿ... ತುಳೀತಾನೇ ಇಲ್ಲ... ನಿಧಾನ ಆಗ್ತಿಲ್ಲ ಅಲ್ವೇನೇ ಅದು?"

"ಆಗಲ್ಲ."

"ಎಡಗಡೆಯಿಂದ ಬಂದೆ."

ಆರ್ಡಿಸ್ ಬಲಕ್ಕೆ ಹಾರಿದಳು. ಒಂದು ಕಾಲು ಹುಲ್ಲಿಗೇ ಇಳಿಯಿತು. ಲವೋನ್ ಮಾತ್ರ ದಾರಿಯ ಎಡಭಾಗಕ್ಕೆ ಹೋಗಿ ನಿಂತಳು.

"ಈಚೆಗೆ ಬಾರೇ! ಲವೋನ್!"

"ಸಾಕಾಯ್ತು ಕಣೇ. ಬರ್ಲಿ. ಹೊಡೆದ್ರೆ ಹೊಡೀಲಿ."

ಅವಳು ಬೇರೇನನ್ನೋ ಹೇಳುತ್ತಿದ್ದಾಳೆ ಅಂತ ಆರ್ಡಿಸ್‌ಗೆ ಆ ಕ್ಷಣ ತಿಳಿಯಿತು. ಏಳು ತಿಂಗಳಿಂದ ಹೇಳುತ್ತಲೇ ಇದ್ದಳು, ಕೇಳಿಸಿಕೊಂಡವರಿರಲಿಲ್ಲ. ಎಳೆದುಕೊಳ್ಳಬೇಕು ಅಂತ ಕೈ ಚಾಚಿದಳು. ಎಟುಕಲಿಲ್ಲ.

ಟಿಕ್ ಟಿಕ್ ಟಿಕ್... ಲವೋನಳ ಬೆನ್ನ ಹತ್ತಿರಕ್ಕೆ ಬಂತು. ಈ ಸಲ ಸದ್ದು ನಿಲ್ಲಲಿಲ್ಲ. ಅವಳ ಕೋಟಿನ ಅಂಚು ಒಮ್ಮೆ ಮುಂದಕ್ಕೆ ಹಾರಿ ಇಳಿಯಿತು. ಆಮೇಲೆ ಸದ್ದು ಅವಳ ಮುಂದುಗಡೆ ಇತ್ತು. ಟಿಕ್ ಟಿಕ್... ದೂರ... ಜೋಳದ ಹೊಲದ ತಿರುವಿನಲ್ಲಿ ಅಡಗಿತು.

"ಲವೋನ್? ಏಟಾಯ್ತಾ? ಮಾತಾಡೇ, ಮಾರಾಯ್ತಿ!"

ಲವೋನ್ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

"ಆರ್ಡಿಸ್... ನಂಗೆ ಹಸಿವಾಗ್ತಿದೆ."

ಅಲ್ಲಿಂದ ಇಬ್ಬರೂ ಆರ್ಡಿಸ್ ಮನೆಗೆ ಹೋದರು. ಲವೋನ್ ಆಲೂಗಡ್ಡೆ ಸೂಪು ಮೂರು ಬಟ್ಟಲು ಕುಡಿದಳು. ಅಳಲಿಲ್ಲ, ಸುಳ್ಳು ಯಾಕೆ ಹೇಳಲಿ. ಇನ್ನೊಂದಿಷ್ಟು ಉಪ್ಪು ಕೊಡು ಅಂದಳು, ಅಷ್ಟೇ. ಆದರೆ ಏಳು ತಿಂಗಳಲ್ಲಿ ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಆ ದಾರಿಯಲ್ಲಿ ಸೈಕಲ್ಲಿಂದ ಬಿದ್ದು ಸತ್ತವರು ಯಾರಾದರೂ ಇದ್ದಾರಾ ಅಂತ ನಾನು ಊರೆಲ್ಲ ವಿಚಾರಿಸಿದೆ. ಇಲ್ಲ. ಒಬ್ಬರೂ ಇಲ್ಲ.

ನಂಬದಿದ್ದರೆ ಬಿಡಿ. ಮರುದಿನ ಬೆಳಿಗ್ಗೆ ಆರ್ಡಿಸ್ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಮಳೆ ಬಿದ್ದು ಮೂರು ವಾರವಾಗಿತ್ತು. ಡಾಂಬರಿನ ಮೇಲೆ ಟೈರಿನ ಒದ್ದೆ ಗೆರೆ ಒಂದೇ ಒಂದು, ನೇರವಾಗಿ ಬಂದಿತ್ತು. ಲವೋನ್ ನಿಂತಿದ್ದ ಕಡೆ ಕಡಿದುಹೋಗಿ, ಒಂದು ಪಾದದಷ್ಟು ಜಾಗ ಬಿಟ್ಟು, ಮತ್ತೆ ಮುಂದೆ ಹೋಗಿತ್ತು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಹನ್ನೊಂದು ಗಂಟೆಯವರೆಗೂ ಅಲ್ಲೇ ನಿಂತು ನೋಡಿದೆವು.

ಆರಲಿಲ್ಲ.